ಬಾನೆಟ್ಟಿನ ಮೇಲಿನ ನೀಲಿ ಚುಕ್ಕೆಗಳು

ಅಣ್ಣಿಗೇರಿ ದಾಟಿ ನವಲಗುಂದದ ಕಡೆ ಹೋಗುವ ರಸ್ತೆಯ ಬಾಜು ನನ್ನ ತಗಡಿನ ಶೆಡ್ಡು ಇದೆ. ಗಾಡಿಗಳಿಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಮೊದಲೆಲ್ಲ ಇಡೀ ಬಾಗಿಲು, ಇಡೀ ಬಾನೆಟ್ಟು ಹೊಡೆಯುವ ಕೆಲಸವೇ ಬರುತ್ತಿತ್ತು. ರಸ್ತೆ ಅಗಲ ಮಾಡುತ್ತೇವೆಂದು ಎರಡೂ ಕಡೆ ಜಲ್ಲಿಯ ಖಡಿ ಸುರಿದ ಮೇಲೆ ಸಣ್ಣ ಕೆಲಸ ಶುರುವಾಯಿತು. ಮುಂದೆ ಹೋಗುವ ಟಿಪ್ಪರಿನ ಗಾಲಿ ಒಂದು ಖಡಿ ಎಗರಿಸಿದರೆ ಸಾಕು, ಹಿಂದಿನ ಕಾರಿನ ಮೂತಿಯ ಮೇಲೆ ಅಕ್ಕಿಕಾಳಿನಷ್ಟು ಬಣ್ಣ ಹಾರಿಹೋಗುತ್ತದೆ. ಒಳಗಿನ ತಗಡು ಕಾಣುತ್ತದೆ. ಒಂದು ಮಳೆಗಾಲ ಹಾಗೇ ಬಿಟ್ಟರೆ ಆ ಅಕ್ಕಿಕಾಳು ತುಕ್ಕು ಹಿಡಿದು ಅವರೆಕಾಳಾಗುತ್ತದೆ.

ಇದನ್ನು ತುಂಬುವುದಕ್ಕೆ ಯಂತ್ರ ಬೇಕಿಲ್ಲ. ಜೋಳದ ದಂಟನ್ನು ಸೀಳಿ ಸೂಜಿಯಂಥ ಸಿಬರು ಮಾಡಿಕೊಳ್ಳುತ್ತೇನೆ. ಅದರ ತುದಿಯಲ್ಲಿ ಒಂದು ಹನಿ ಪ್ರೈಮರು, ಅದು ಒಣಗಿದ ಮೇಲೆ ಒಂದು ಹನಿ ಬಣ್ಣ, ಮತ್ತೆ ಒಂದು ಹನಿ, ಕೊನೆಗೆ ಹೊಳಪಿನ ಕ್ಲಿಯರು. ಎರಡು ದಿನ ಬಿಟ್ಟು, ಪೆನ್ಸಿಲ್ಲಿನ ಹಿಂಬದಿಗೆ ನಯವಾದ ವಾಟರ್ ಪೇಪರಿನ ಚೂರು ಅಂಟಿಸಿ, ನೀರು ಹಾಕಿ ತಿಕ್ಕಿ ಮಟ್ಟ ಮಾಡಬೇಕು. ಕೈ ಅವಸರ ಮಾಡಿದರೆ ಸುತ್ತಲಿನ ಒಳ್ಳೆಯ ಬಣ್ಣವೂ ಹೋಗುತ್ತದೆ. ಬ್ರಷ್ಷಿಗಿಂತ ಜೋಳದ ಸಿಬರು ಮೇಲು, ಅದು ಬೇಕಾದಷ್ಟೇ ಹನಿ ಹಿಡಿಯುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ.

ಹೋದ ಬ್ಯಾಸಗಿಯಲ್ಲಿ ಒಂದು ಸಂಜೆ ಶಲವಡಿ ಶಾಲೆಯಲ್ಲಿ ಕಲಿಸುವ ಅಕ್ಕೋರು ತಮ್ಮ ಕಾರು ತಂದು ನಿಲ್ಲಿಸಿದರು. ಬೆಳ್ಳಿ ಬಣ್ಣದ ಕಾರು, ಮೆಟಾಲಿಕ್. ಅಣ್ಣಿಗೇರಿಯಿಂದ ದಿನಾ ಅದೇ ಖಡಿಯ ರಸ್ತೆಯಲ್ಲಿ ಹೋಗಿ ಬರುತ್ತಾರೆ. ಎಣಿಸಿದೆ, ಬಾನೆಟ್ಟಿನ ಮೇಲೆ ಹತ್ತೊಂಬತ್ತು ತೂತು. ಎಲ್ಲವೂ ತುಕ್ಕು ಹಿಡಿದಂತೆ ಕೆಂಪಗಿದ್ದವು.

"ಕಾಕಾ, ಇಷ್ಟೊಂದು ಜಂಗು ಹಿಡದೈತಲ್ರಿ. ಬಾನೆಟ್ ಉಳಿತೈತೇನ್ರಿ?" ಎಂದರು.

ಬೆರಳು ಆಡಿಸಿದೆ. ಬೆರಳ ತುದಿ ಕೆಂಪಾಯಿತು. ಮೂಸಿ ನೋಡಿದೆ.

"ಜಂಗಲ್ರಿ ಅಕ್ಕೋರ. ಕುಂಕುಮ."

ಅವರು ಹಣೆಗೆ ಕೈ ಹಚ್ಚಿಕೊಂಡರು. "ನಮ್ಮವ್ವಾರ ಕೆಲಸಾರಿ ಅದು. ಅಮಾಸಿಗೊಮ್ಮೆ ಕಾರಿಗೆ ಪೂಜಿ ಮಾಡ್ತಾರ. ಬಾನೆಟ್ ತುಂಬ ಇಬತ್ತಿ ಎಳದು, ತೂತು ಕಂಡಲ್ಲೆಲ್ಲಾ ಕುಂಕುಮ ತುಂಬತಾರ. ಹಚ್ಚಾಕ ಜಾಗಾ ಮಾಡಿಟ್ಟಾರ ನೋಡು ಅಂತಾರ."

"ತಪ್ಪೇನಿಲ್ಲರಿ. ನನಗಿಂತ ಮೊದಲ ಟಚಪ್ ಮಾಡ್ಯಾರ ಅಷ್ಟ."

ಅವರು ನಕ್ಕರು. ಹೋಗುವಾಗ, "ನೀವು ಹಚ್ಚಿದ್ದು ಎಲ್ಲಿ ಅಂತ ಹುಡುಕಿದ್ರೂ ಸಿಗೂದಿಲ್ಲಂತ. ಅದಕ್ಕ ಹುಬ್ಬಳ್ಳಿಗೆ ಒಯ್ಯಲಿಲ್ಲ ನಾ" ಎಂದರು. ನಾಲ್ಕು ದಿನ ಬಿಟ್ಟು ಬರಲು ಹೇಳಿ ಬಸ್ಸಿಗೆ ಕಳಿಸಿದೆ.

ಆ ಮಾತು ನನಗೆ ಊಟಕ್ಕಿಂತ ಹೆಚ್ಚು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಹೊಲ ಇಲ್ಲ, ಹೇಳಿಕೊಳ್ಳುವ ಮನೆತನ ಇಲ್ಲ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಥಿನ್ನರಿನಲ್ಲಿ ಕೈ ಸುಟ್ಟುಕೊಂಡು ಕಲಿತದ್ದು ಒಂದೇ ವಿದ್ಯೆ: ಒಂದು ಬಣ್ಣವನ್ನು ನೋಡಿ ಅದರಂಥದ್ದೇ ಇನ್ನೊಂದನ್ನು ಕಲಸುವುದು. ಕಂಪನಿಯ ನಂಬರ್ ನೋಡಿ ತಂದ ಡಬ್ಬಿ ಹೊಸ ಗಾಡಿಗೆ ಸರಿಹೋಗುತ್ತದೆ. ನಮ್ಮ ಬಿಸಿಲಲ್ಲಿ ಆರು ವರ್ಷ ನಿಂತ ಗಾಡಿಗೆ ಹೋಗುವುದಿಲ್ಲ. ಅಲ್ಲಿ ಕಣ್ಣೇ ಬೇಕು. ಅದೊಂದು ಹೋದರೆ ನನ್ನ ಹತ್ತಿರ ಬೇರೇನೂ ಇಲ್ಲ ಎಂಬುದು ನನಗೆ ಯಾವಾಗಲೂ ಗೊತ್ತಿತ್ತು. ಆದರೆ ಹೋಗುತ್ತದೆ ಎಂದು ಯಾವತ್ತೂ ಅನ್ನಿಸಿರಲಿಲ್ಲ.

ಮೆಟಾಲಿಕ್ ಬಣ್ಣ ಒಬ್ಬನೇ ಮಾಡುವ ಕೆಲಸ ಅಲ್ಲ. ಅದರಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತದೆ. ಎದುರಿನಿಂದ ನೋಡಿದರೆ ಬಿಳುಪು, ಬಾಜುವಿನಿಂದ ನೋಡಿದರೆ ಕಪ್ಪು. ಹನಿ ದಪ್ಪಗೆ ಬಿದ್ದರೆ ಪುಡಿ ತಳಕ್ಕೆ ಕೂತು ಚುಕ್ಕೆ ಕಪ್ಪಗೆ ಕಾಣುತ್ತದೆ. ಹತ್ತಿರ ಕೂತು ಹಚ್ಚುವವನಿಗೆ ಇದು ತಿಳಿಯುವುದಿಲ್ಲ. ದೂರ ನಿಂತು ಹೇಳುವ ಒಬ್ಬ ಬೇಕು.

ನನಗೆ ಅಂಥ ಒಬ್ಬ ಇದ್ದ. ಟಿಂಕರ್, ಅಂದರೆ ತಗ್ಗು ಬಿದ್ದ ತಗಡನ್ನು ಬಡಿದು, ಮೇಲೆ ಪುಟ್ಟಿಯ ಲೇಪ ಮೆತ್ತಿ ಮಟ್ಟ ಮಾಡುವವನು. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಜೊತೆಯಾದವನು, ಮೊರಬದವನು. ಈ ಶೆಡ್ಡಿನ ಕಂಬಗಳನ್ನು ಇಬ್ಬರೂ ಸೇರಿ ನೆಟ್ಟದ್ದು. ಹದಿನಾಲ್ಕು ವರ್ಷ ಅವನು ಬಡಿದ, ನಾನು ಹಚ್ಚಿದೆ. ನಾನು ಬಣ್ಣ ಕಲಸಿ ಗಾಡಿಯ ಮೇಲೆ ಒಂದು ಚುಕ್ಕೆ ಇಟ್ಟರೆ, ಅವನು ಸುತ್ತಿಗೆ ಕೆಳಗಿಟ್ಟು ಹತ್ತು ಹೆಜ್ಜೆ ಹಿಂದೆ ಹೋಗುತ್ತಿದ್ದ. ನಿಂತು ನೋಡುವನು, ಕುಕ್ಕರುಗಾಲಿನಲ್ಲಿ ಕೂತು ನೋಡುವನು, ಬಾಜು ಸರಿದು ನೋಡುವನು.

"ಕುಂತ್ರ ಕರಿ" ಎನ್ನುವನು. ನಾನು ಮತ್ತೆ ಕಲಸುವೆ.

"ಈಗ ನಿಂತ್ರ ಬಿಳಿ."

"ನಿನ್ನ ಕಣ್ಣಾಗ ಬಿಳಿ ಬಿದ್ದೈತಿ ಲೇ."

"ಬಿದ್ದೈತಿ ಅಂದ್ರ ನನ್ನ ಯಾಕ ಕೇಳ್ತಿ? ಮಂದಿ ಕೇಳು ಹೋಗು."

ಹೀಗೆ ಅರ್ಧ ದಿನ ಹೋಗುತ್ತಿತ್ತು. ಅವನು ಒಮ್ಮೆಯೂ ಚೊಲೊ ಆತು ಅಂದವನಲ್ಲ. ಏನೂ ಅನ್ನದಿದ್ದರೆ ಸರಿಯಾಗಿದೆ ಎಂದು ತಿಳಿದುಕೊಳ್ಳಬೇಕು.

ಮೂರು ವರ್ಷದ ಹಿಂದೆ ನವಲಗುಂದದ ಒಬ್ಬ ಕಾಳುಕಡಿಯ ಅಡತಿ ವ್ಯಾಪಾರಿಯ ಕಾರಿಗೆ ಒಂದು ಬಾಗಿಲು ಹೊಡೆದಿದ್ದೆ. ಅದೂ ಬೆಳ್ಳಿಯ ಬಣ್ಣವೇ. ಸಾಹುಕಾರರು ನೋಡುತ್ತ ನಿಂತಿದ್ದರು. ಇವನು ಹತ್ತು ಹೆಜ್ಜೆ ಹಿಂದೆ ಹೋಗಿ, "ನೀಲಿ ಆಗೈತಿ ನೋಡು" ಎಂದ. ಸಾಹುಕಾರರು ತಲೆ ಹೊರಳಿಸಿ ನೋಡಿ, "ಹೌದಲ್ಲಾ, ನೀಲಿ ಹೊಡಿತೈತಿ" ಎಂದರು. ನನಗೆ ನೀಲಿ ಕಾಣಲಿಲ್ಲ. ಎಷ್ಟು ನೋಡಿದರೂ ಕಾಣಲಿಲ್ಲ. ಗಿರಾಕಿಯ ಎದುರು ಹೀಗಂದನಲ್ಲ ಎಂದು ಮೈ ಉರಿಯಿತು.

"ಇವಂಗ ತಗಡ ಬಡಿಯೂದಷ್ಟ ಗೊತ್ರಿ ಸಾಹುಕಾರ್ರ. ಬಡಿಯೂ ಮಂದಿಗೆ ಬಣ್ಣ ಏನ್ ತಿಳಿತೈತಿ? ಇವ ಪುಟ್ಟಿ ಕೆಟ್ಟದಾಗಿ ಮೆತ್ಯಾನ, ಅದಕ್ಕ ಹಂಗ ಕಾಣತೈತಿ" ಎಂದೆ.

ಅವನು ಸೀಮೆಎಣ್ಣೆಯಲ್ಲಿ ಕೈ ತೊಳೆದ, ಸುತ್ತಿಗೆಗಳನ್ನು ಚೀಲಕ್ಕೆ ಹಾಕಿದ, ರಸ್ತೆಗೆ ಹೋಗಿ ಬಸ್ಸಿಗೆ ಕೈ ಮಾಡಿದ. ನಾಳೆ ಬರುತ್ತಾನೆ ಎಂದುಕೊಂಡೆ. ವಾರ ಆಯಿತು. ಮೊರಬದಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದಾನೆ ಎಂದು ಸುದ್ದಿ ಬಂತು. ನಾನು ಹೋಗಲಿಲ್ಲ. ಕೇಳಿದವರಿಗೆಲ್ಲ, "ಒಬ್ಬನ ಮಾಡ್ತೀನಿ, ಅದ ಚೊಲೊ" ಎಂದು ಹೇಳಿದೆ. ಹೇಳಿ ಹೇಳಿ ನನಗೂ ಅದು ನಿಜವೆನಿಸಿತು.

ಒಬ್ಬನೇ ಮಾಡುವುದೆಂದರೆ ಹೀಗೆ. ಚುಕ್ಕೆ ಇಟ್ಟು ನಾನೇ ಹತ್ತು ಹೆಜ್ಜೆ ಹೋಗುತ್ತೇನೆ. ಹೋಗುವಷ್ಟರಲ್ಲಿ ಹತ್ತಿರದಿಂದ ಕಂಡದ್ದು ಹೇಗಿತ್ತೆಂದು ಮರೆತಿರುತ್ತೇನೆ. ತಿರುಗಿ ಬರುವಷ್ಟರಲ್ಲಿ ದೂರದಿಂದ ಕಂಡದ್ದು ಮರೆತಿರುತ್ತದೆ. ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುವಾಗ ಎದುರಿಗೆ ಯಾರದೋ ಕಾರು ನಿಂತಿರುತ್ತದೆ, ಅಷ್ಟೇ. ಮನೆಯಲ್ಲಿ ಜನ ಇಲ್ಲವೆಂದಲ್ಲ. ಹೆಂಡತಿ ಇದ್ದಾಳೆ, ಹೊಲಿಗೆ ಯಂತ್ರದ ಮುಂದೆ ದುಡಿಯುತ್ತಾಳೆ. ಇಬ್ಬರು ಹೆಣ್ಣುಮಕ್ಕಳು ಧಾರವಾಡದಲ್ಲಿ ಓದುತ್ತಾರೆ. ರಾತ್ರಿ ಊಟಕ್ಕೆ ಕೂತಾಗ "ಇವತ್ತೇನ ಕೆಲಸ ಇತ್ರಿ?" ಎಂದು ಕೇಳುತ್ತಾಳೆ. "ಇತ್ತು" ಎನ್ನುತ್ತೇನೆ. ಬಿಳಿಯಲ್ಲಿ ಎಷ್ಟು ಬಗೆಯ ಬಿಳಿ ಇರುತ್ತದೆ ಎಂದು ಅವಳಿಗೆ ಹೇಗೆ ಹೇಳಲಿ? ಅದನ್ನು ಹೇಳಿಕೊಳ್ಳಬಹುದಾಗಿದ್ದವನು ಬಸ್ಸು ಹತ್ತಿ ಹೋಗಿದ್ದ.

ಅಕ್ಕೋರ ಕಾರಿನ ಕುಂಕುಮವನ್ನೆಲ್ಲ ಕೆದರಿ ತೆಗೆದು, ತೊಳೆದು, ಒಂದೊಂದೇ ತೂತು ತುಂಬಿದೆ. ಬೆಳ್ಳಿಯ ಬಣ್ಣ ಕಲಸಿದೆ, ಹಳೆಯ ಮಡ್‌ಗಾರ್ಡಿನ ಮೇಲೆ ಚುಕ್ಕೆ ಇಟ್ಟು ನೋಡಿದೆ. ಸರಿ ಕಂಡಿತು. ಮೂರು ದಿನ ಹಿಡಿಯಿತು. ಕೊನೆಗೆ ಬೆರಳಾಡಿಸಿದರೆ ಎಲ್ಲಿಯೂ ತಡೆಯುತ್ತಿರಲಿಲ್ಲ. ನನಗೆ ನಾನೇ ಶಾಬಾಸ್ ಅಂದುಕೊಂಡೆ.

ನಾಲ್ಕನೆಯ ದಿನ ಮುಂಜಾನೆ ಅಕ್ಕೋರು ಬಂದರು. ಬಾನೆಟ್ಟಿನ ಎದುರು ನಿಂತರು. ಬಾಜುವಿಗೆ ಸರಿದರು. ಬಗ್ಗಿ ಒಂದು ಚುಕ್ಕೆಯ ಮೇಲೆ ಬೆರಳಿಟ್ಟರು.

"ಹೇಳ್ರಿ ಅಕ್ಕೋರ."

"ಏನಿಲ್ರಿ ಕಾಕಾ. ಸ್ವಲ್ಪ ನೀಲಿ ಕಾಣಸ್ತಾವಲ್ರಿ ಇವು. ಚುಕ್ಕಿ ಚುಕ್ಕಿ."

"ಆಕಾಶದ ನೆರಳು ಬಿದ್ದೈತ್ರಿ. ಮುಂಜಾನಿ ಬಿಸಿಲಾಗ ಹಂಗ."

ಅವರು ಮೇಲೆ ನೋಡಿದರು, ಬಾನೆಟ್ಟು ನೋಡಿದರು. "ಇರಬಹುದ್ರಿ" ಎಂದರು.

ಹಿರಿಯ ಮನುಷ್ಯನ ಮರ್ಯಾದೆ ಉಳಿಸಲು ಆಡಿದ ಮಾತು ಅದು. ಬೈದಿದ್ದರೆ ನಾನೂ ಜಗಳಾಡುತ್ತಿದ್ದೆ. ಕೀಲಿಕೈ ಕೊಡಲು ಕೈ ಮುಂದೆ ಹೋಗಲಿಲ್ಲ. "ಕ್ಲಿಯರ್ ಇನ್ನೂ ಹಸಿ ಐತ್ರಿ. ಇನ್ನ ನಾಕ ದಿನ ಬಿಟ್ಟು ಬರ್ರಿ" ಎಂದು ಸುಳ್ಳು ಹೇಳಿದೆ. ಅವರು ಒಪ್ಪಿ ಬಸ್ಸಿಗೆ ಹೋದರು.

ಶೆಡ್ಡಿನೊಳಗೆ ಬಂದು ಸಿಟ್ಟಿನಲ್ಲಿ ಥಿನ್ನರ್ ಡಬ್ಬಿ ಎಳೆದೆ. ಹನಿ ಸಿಡಿದು ಬಲಗಣ್ಣಿಗೆ ಬಿತ್ತು. ಓಡಿ ನೀರು ಹಾಕಿ ತೊಳೆದೆ, ಉರಿ ಇಳಿಯಲೆಂದು ಹಸಿ ಟವೆಲ್ಲನ್ನು ಆ ಕಣ್ಣಿಗೆ ಒತ್ತಿಹಿಡಿದು ಕೂತೆ. ಹಾಗೆ ಕೂತಾಗ ಎದುರಿಗೆ ಕಾರಿನ ಬಾನೆಟ್ಟು ಇತ್ತು. ಅದರ ಮೇಲೆ ಹತ್ತೊಂಬತ್ತು ನೀಲಿ ಚುಕ್ಕೆ ಕಂಡವು.

ಟವೆಲ್ಲು ತೆಗೆದು ಎಡಗಣ್ಣಿಗೆ ಹಿಡಿದೆ. ಚುಕ್ಕೆಗಳು ಮಾಯವಾದವು. ಬಾನೆಟ್ಟು, ಶೆಡ್ಡಿನ ತಗಡು, ಹೊರಗಿನ ಬಿಸಿಲು ಎಲ್ಲ ಚಹಾ ಸೋಸಿದ ಅರಿವೆಯ ಹಿಂದೆ ಇದ್ದ ಹಾಗೆ ಹಳದಿಯಾಗಿ ಕಂಡವು. ಥಿನ್ನರಿನ ದೆಸೆಯಿಂದ ಎಂದುಕೊಂಡು ಮಧ್ಯಾಹ್ನದವರೆಗೆ ಕಾದೆ. ಮತ್ತೆ ನೋಡಿದೆ. ಅದೇ. ಬಣ್ಣ ನೋಡುವಾಗಲೆಲ್ಲ ನಾನು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದಲೇ ನೋಡುವುದು, ಮೂವತ್ತು ವರ್ಷದ ರೂಢಿ. ಬಲಗಣ್ಣಿಗೆ ಪೊರೆ ಬಂದಿತ್ತು. ಅದು ನೀಲಿಯನ್ನು ನುಂಗುತ್ತಿತ್ತು.

ಅವತ್ತು ಕೆಲಸ ಮಾಡಲಿಲ್ಲ. ಎಷ್ಟು ಗಾಡಿಗಳು ಹೀಗೆ ಹೋಗಿರಬಹುದು, ಎಷ್ಟು ಜನ "ಇರಬಹುದು" ಎಂದುಕೊಂಡು ಸುಮ್ಮನಾಗಿರಬಹುದು ಎಂದು ಯೋಚಿಸುತ್ತ ಕೂತೆ. ಆಮೇಲೆ ಅಡತಿ ಸಾಹುಕಾರರ ಬಾಗಿಲು ನೆನಪಾಯಿತು. ಅದರಾಚೆ ಯೋಚನೆ ಮುಂದೆ ಹೋಗಲಿಲ್ಲ, ಅಲ್ಲೇ ನಿಂತಿತು.

ಎಡಗಣ್ಣಿನಿಂದ ಕಲಸಿದರಾಯಿತು ಎಂದು ಮರುದಿನ ಪ್ರಯತ್ನ ಮಾಡಿದೆ. ಆಗಲಿಲ್ಲ. ಕಂಡದ್ದನ್ನು ನಂಬುವ ಧೈರ್ಯವೇ ಹೋಗಿತ್ತು. ಒಂದು ಹನಿ ಹಾಕಿದರೆ ಹೆಚ್ಚಾಯಿತೋ ಕಡಿಮೆಯಾಯಿತೋ, ಕೇಳಲು ಯಾರೂ ಇಲ್ಲ. ಕೊನೆಗೆ ಕಾರಿನ ಪೆಟ್ರೋಲ್ ತುಂಬುವ ಜಾಗದ ಮೇಲಿನ ಮುಚ್ಚಳವನ್ನು ಸ್ಕ್ರೂ ಬಿಚ್ಚಿ ತೆಗೆದೆ. ಬಣ್ಣದವರು ಮಾದರಿಗೆಂದು ಒಯ್ಯುವುದು ಅದನ್ನೇ. ಟವೆಲ್ಲಿನಲ್ಲಿ ಸುತ್ತಿ, ಬಣ್ಣದ ಸಣ್ಣ ಸೀಸೆಗಳನ್ನು ಬುತ್ತಿಯ ಚೀಲಕ್ಕೆ ಹಾಕಿಕೊಂಡು ನವಲಗುಂದದ ಬಸ್ಸು ಹತ್ತಿದೆ. ಅಲ್ಲಿಂದ ಮೊರಬಕ್ಕೆ ಇನ್ನೊಂದು ಬಸ್ಸು.

ಬಸ್ಸಿನಲ್ಲಿ ಬಾಜು ಕೂತಿದ್ದ ಅಜ್ಜ ತೊಡೆಯ ಮೇಲಿನ ಗಂಟನ್ನು ನೋಡುತ್ತಿದ್ದ. "ಏನ್ರಿ ಅದು, ತಾಟೇನು?"

"ಕಾರಿನ ಮುಚ್ಚಳರಿ."

"ಕಾರ್ ಎಲ್ಲೈತಿ?"

"ಮನ್ಯಾಗ ಐತ್ರಿ."

"ಅದನ್ನ ಹೊತಗೊಂಡು ಬಸ್ಸಿನ್ಯಾಗ ಹೊಂಟೀರಿ?" ಎಂದು ಅಜ್ಜ ಕಿಟಕಿಯ ಕಡೆ ಮುಖ ಮಾಡಿದ. ಹೊರಗೆ ಎರಿಹೊಲ ಕಟಾವು ಮುಗಿದು ಬರಿದಾಗಿ ಬಿದ್ದಿತ್ತು, ಕಣ್ಣು ಹೋಗುವ ತನಕ ಒಂದು ಗಿಡವಿಲ್ಲ. ಬಲಗಣ್ಣು ಮುಚ್ಚಿ ನೋಡಿದೆ, ಎಡಗಣ್ಣು ಮುಚ್ಚಿ ನೋಡಿದೆ. ಕರಿಮಣ್ಣು ಎರಡರಲ್ಲೂ ಕರಿದೇ ಇತ್ತು.

ಮೊರಬದಲ್ಲಿ ನನ್ನ ಹಳೆಯ ಟಿಂಕರನ ಮನೆ ಮುಂದೆ ಬೇವಿನ ಗಿಡದ ಕೆಳಗೆ ಒಂದು ಟ್ರೇಲರು ಮಗುಚಿ ಬಿದ್ದಿತ್ತು. ಅವನು ಅದರ ಪಕ್ಕದಲ್ಲಿ ಕೂತು ವೆಲ್ಡಿಂಗ್ ಮಾಡುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿದ, ಮತ್ತೆ ಕೆಲಸ ನೋಡಿದ.

"ಯಾರ ಗಾಡಿ ಕೆಟ್ಟೈತಿ?" ಎಂದ.

"ಗಾಡಿ ಕೆಟ್ಟಿಲ್ಲ." ಗಂಟು ಬಿಚ್ಚಿದೆ.

"ಮುಚ್ಚಳ ಅಷ್ಟ ತಂದೀಯಲ್ಲ. ಉಳಿದದ್ದು ಮಾರಿದೇನು?"

"ಬಣ್ಣ ನೋಡಬೇಕಾಗಿತ್ತು."

"ಬಡಿಯೂ ಮಂದಿಗೆ ಬಣ್ಣ ಏನ್ ತಿಳಿತೈತಿ?" ಎಂದ. ನನ್ನದೇ ಮಾತು, ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ. ಮೂರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ.

ಅವನ ಹೆಂಡತಿ ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು. "ಅಣ್ಣಾರು ಬಂದಾರ, ಕೂಡ್ರಿ ಅನ್ನೂದು ಬಿಟ್ಟು ಏನ್ರಿ ಅದು ಮಾತು? ಕೂಡ್ರಿ ಅಣ್ಣಾರ, ಚಾ ಇಡತೀನಿ" ಎಂದು ಒಳಗೆ ಹೋದಳು. ನಾನು ನಿಂತೇ ಇದ್ದೆ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಹತ್ತು ರೀತಿ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆಯೇ.

"ಬಲಗಣ್ಣ ಹೋಗೈತಿ. ನೀಲಿ ಕಾಣಂಗಿಲ್ಲ ನಂಗ."

ಅವನು ವೆಲ್ಡಿಂಗ್ ಕಡ್ಡಿ ಕೆಳಗಿಟ್ಟ. "ಎಂದಿನಿಂದ?"

"ಗೊತ್ತಾಗಿದ್ದು ನಿನ್ನಿ. ಸಾಹುಕಾರ್ರ ಬಾಗಲಾ ಹೊಡದಾಗೂ ಇತ್ತಂತ ಕಾಣತೈತಿ."

"ಇತ್ತು" ಎಂದ. "ಅದಕ್ಕೂ ವರ್ಷ ಮೊದಲಿಂದ ಇತ್ತು. ನಾ ದೂರಿಂದ ಹೇಳತಿದ್ದೆ, ನೀ ತಿದ್ದಿಕೋತಿದ್ದಿ. ನಡಕೋತ ಹೋಗತಿತ್ತು."

"ಕಣ್ಣಂತ ಯಾಕ ಹೇಳಲಿಲ್ಲ?"

"ಹೇಳಿದ್ರ ಕೇಳಾಂವೇನ್ ನೀ?"

ಕೇಳುತ್ತಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. "ಆ ದಿನ ಪುಟ್ಟಿ ಚೊಲೊನ ಇತ್ತು. ತಪ್ಪು ನಂದು" ಎಂದೆ. ಅವನು ಎದ್ದು ಅಂಗಳದ ಬಿಸಿಲಿಗೆ ಬಂದು, "ಇಡು ಅದನ್ನ ಕಟ್ಟಿ ಮ್ಯಾಲೆ" ಎಂದ.

ಕಟ್ಟೆಯ ಮೇಲೆ ಮುಚ್ಚಳ ಇಟ್ಟೆ. ಸೀಸೆ ಕುಲುಕಿ ಬಣ್ಣದ ಒಂದು ಚುಕ್ಕೆ ಇಟ್ಟೆ. ಅವನು ಹಿಂದೆ ಹಿಂದೆ ಹೋಗಿ, ಟ್ರೇಲರಿಗೆ ಬೆನ್ನು ತಾಗುವವರೆಗೆ ಹೋಗಿ ನಿಂತ.

"ನೀಲಿ. ಕುರುಡನಿಗೂ ಕಾಣತೈತಿ."

"ಅದಕ್ಕ ನಿನ್ನ ಹಂತ್ಯಾಕ ಬಂದೆ."

ಅವನ ಮೀಸೆ ಸ್ವಲ್ಪ ಅಲುಗಿತು. ನೀಲಿ ತಗ್ಗಲೆಂದು ಕಂದು ಬಣ್ಣವನ್ನು ಸಿಬರಿನ ತುದಿಯಲ್ಲಿ ತೆಗೆದು ಸೇರಿಸಿದೆ. ಒರೆಸಿ ಮತ್ತೆ ಚುಕ್ಕೆ ಇಟ್ಟೆ. "ಇನ್ನೂ ಐತಿ." ಮತ್ತೆ ಸೇರಿಸಿದೆ. "ಈಗ ಮಣ್ಣ ಕಾಣತೈತಿ, ಭಾಳ ಹಾಕಿದಿ." ಬೆಳ್ಳಿ ಹಾಕಿ ತೆಳುಮಾಡಿದೆ. ಅವನು ಕೂತ, ಎದ್ದ, ಗಿಡದ ಬಡ್ಡೆಗೆ ಸರಿದ. ಟ್ರೇಲರಿನ ಮಾಲೀಕ ಬಂದು ಸ್ವಲ್ಪ ಹೊತ್ತು ನಿಂತು, ಇಬ್ಬರು ಮುದುಕರು ಒಂದು ಮುಚ್ಚಳ ಇಟ್ಟುಕೊಂಡು ಏನು ಮಾಡುತ್ತಿದ್ದಾರೆಂದು ತಿಳಿಯದೆ ಹೋದ. ಹತ್ತನೆಯದೋ ಹನ್ನೆರಡನೆಯದೋ ಚುಕ್ಕೆಗೆ ಅವನು ಏನೂ ಅನ್ನಲಿಲ್ಲ. ನಾನು ಸೀಸೆಯ ಬಿರಡೆ ಹಾಕಿದೆ.

ಚಹಾ ಕುಡಿದೆವು. ಅವನ ಹೆಂಡತಿ ಚುರಮರಿ ಕೊಟ್ಟಳು, ಹೆಣ್ಣುಮಕ್ಕಳ ಓದು ಕೇಳಿದಳು. ಬಸ್ಸಿಗೆ ಹೊತ್ತಾಯಿತೆಂದು ಎದ್ದಾಗ ಅವನು ಸ್ಟ್ಯಾಂಡಿನವರೆಗೆ ಜೊತೆಗೆ ಬಂದ. ಅಲ್ಲಿ ಕೇಳಿಬಿಟ್ಟೆ.

"ಶೆಡ್ಡಿಗೆ ಬಾ. ನಿನ್ನ ಜಾಗಾ ಹಂಗ ಐತಿ."

ಅವನು ಕೈಯ ಮಸಿ ಒರೆಸಿಕೊಂಡ. "ಇಲ್ಲಿ ನಾಕ ಮಂದಿ ನನ್ನ ಕಾಯತಾರ. ಮೇಸ್ತ್ರಿ ಅಂತಾರ. ಅಲ್ಲಿ ಹದಿನಾಲ್ಕು ವರ್ಷ ನಿನ್ನ ಟಿಂಕರ್ ಆಗಿದ್ದೆ. ಸಿಟ್ಟಿಲ್ಲ ನಂಗ, ತಿಳಿ. ಬಣ್ಣ ನೋಡೂದಿದ್ರ ತೊಗೊಂಡ ಬಾ, ನೋಡ್ತೀನಿ. ಬರೂದು ಮಾತ್ರ ಆಗಂಗಿಲ್ಲ. ಮೊದಲ ಕಣ್ಣ ತೋರಿಸ್ಕೊ ಹೋಗು."

ಬಸ್ಸು ಬಂತು. ಕಿಟಕಿಯಿಂದ ನೋಡಿದಾಗ ಅವನು ಆಗಲೇ ತಿರುಗಿ ನಡೆಯುತ್ತಿದ್ದ.

ಹತ್ತೊಂಬತ್ತು ಚುಕ್ಕೆಗಳನ್ನೂ ಕೆದರಿ ತೆಗೆದು, ಮೊರಬದಲ್ಲಿ ಕಲಸಿದ ಬಣ್ಣವನ್ನು ಮತ್ತೆ ತುಂಬಿದೆ. ಬಲಗಣ್ಣಿಗೆ ಅರಿವೆ ಕಟ್ಟಿಕೊಂಡು ಎಡಗಣ್ಣಿನಿಂದ ಮಾಡಿದೆ, ಕೈ ಕಲಿಯಲು ಹೊತ್ತು ಹಿಡಿಯಿತು. ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಹೋಗಿ ತೋರಿಸಿ ಬಂದೆ. ಪೊರೆ ತೆಗೆಯಲು ದಿನ ಕೊಟ್ಟರು. ಹೆಂಡತಿಗೆ ಹೇಳಿದೆ, ಅವಳು ಯಂತ್ರ ನಿಲ್ಲಿಸಿ, "ಎಂದಿನಿಂದ ಹಿಂಗ ಐತ್ರಿ?" ಎಂದು ಕೇಳಿದಳು. ಮೊರಬದಲ್ಲಿ ಅವನು ಕೇಳಿದ ಹಾಗೆಯೇ.

ಅಕ್ಕೋರು ಬಂದು ಬಾನೆಟ್ಟಿನ ಸುತ್ತ ಎರಡು ಸಲ ತಿರುಗಿದರು. ಬಗ್ಗಿ ನೋಡಿದರು. "ಎಲ್ಲಿದ್ವು ಅನ್ನೂದ ಗೊತ್ತಾಗವಲ್ದು ನೋಡ್ರಿ ಕಾಕಾ. ನಿಮ್ಮ ಕಣ್ಣಿಗೆ ದೊಡ್ಡ ನಮಸ್ಕಾರ" ಎಂದರು.

"ನನ್ನ ಕಣ್ಣಲ್ರಿ" ಎಂದೆ. "ಮೊದಲ ನೀವು ಹೇಳಿದ್ದ ಖರೆ ಇತ್ತು, ನೀಲಿನ ಆಗಿತ್ತು. ಇದನ್ನ ನೋಡಿ ಹೇಳಿದಾಂವ ಬ್ಯಾರೆ ಒಬ್ಬಾಂವ. ಮೊರಬದಾಗ ಇರತಾನ."

"ಹೌದ್ರಿ? ನಿಮ್ಮ ಸಂಗಡ ಕೆಲಸ ಮಾಡ್ತಾರೇನ್ರಿ ಅವರು?"

"ಮೊದಲ ಮಾಡ್ತಿದ್ದರಿ" ಎಂದೆ.

ಕೀಲಿಕೈ ಕೊಟ್ಟೆ. ಕಾರು ಖಡಿಯ ಮೇಲೆ ನಿಧಾನವಾಗಿ ಇಳಿದು ಶಲವಡಿಯ ಕಡೆ ಹೊರಳಿತು. ನಾನು ಹೊರಗೆ ಬಂದು, ಹತ್ತು ಹೆಜ್ಜೆ ದೂರ ನಿಂತು, ಅದು ಹೋಗುವುದನ್ನು ನೋಡಿದೆ.